ಇನ್ನೂ ನಡೆಯದ ಸಮಾರಂಭದ ವರದಿ

ಇದನ್ನು ಹೇಳಲು ಹೊರಟಿದ್ದಕ್ಕೆ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಕಥೆ ಬರೆಯುವುದು ನನ್ನ ಕೆಲಸವಲ್ಲ. ಬೇರೆಯವರು ಬರೆದದ್ದನ್ನು ಓದಿ, ಉದ್ದವಾದದ್ದನ್ನು ಗಿಡ್ಡ ಮಾಡಿ, ತಲೆಬರಹ ಕೊಟ್ಟು ಮುಂದೆ ಕಳಿಸುವುದು ನನ್ನ ಕೆಲಸ. ಹಗಲು ದುಡಿದು ಸಂಜೆ ಕಾಲೇಜಿನಲ್ಲಿ ಓದಿದವಳು ನಾನು. ಆಗ ಕೊನೆಯ ಬೆಂಚಿನಲ್ಲಿ ತೂಕಡಿಸಿದ ಹೊತ್ತಿನಲ್ಲೇ ಯಾವುದೋ ಮುಖ್ಯ ಪಾಠ ಮುಗಿದುಹೋಗಿದೆ, ಅದು ಎಲ್ಲರಿಗೂ ಗೊತ್ತು, ನನಗೊಬ್ಬಳಿಗೆ ಗೊತ್ತಿಲ್ಲ ಎಂಬ ಅನುಮಾನ ಇವತ್ತಿಗೂ ಹೋಗಿಲ್ಲ. ಸಾಲದ್ದಕ್ಕೆ ಇದು ನನ್ನ ಮಾವನವರ ವಿಷಯ. ಸೊಸೆ ಮಾವನ ಬಗ್ಗೆ ಬರೆದರೆ ಹೊಗಳಿದರೂ ಕಷ್ಟ, ಹೊಗಳದಿದ್ದರೂ ಕಷ್ಟ. ಅದಕ್ಕೇ ಅವರ ಒಪ್ಪಿಗೆ ಕೇಳಿದೆ. "ಬರಿ. ಆದ್ರೆ ಮುಂಚೆ ನನಗೆ ತೋರಿಸ್ಬೇಡ, ತಿದ್ದಬೇಕು ಅನ್ಸುತ್ತೆ" ಎಂದರು. ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಮಾವನವರು ಸಣ್ಣ ದಿನಪತ್ರಿಕೆಯೊಂದರ ವರದಿಗಾರರು. ಅದೇ ಪತ್ರಿಕೆಯ ವೆಬ್ ವಿಭಾಗದಲ್ಲಿ ನಾನಿದ್ದೇನೆ. ವಿಭಾಗ ಎಂದರೆ ಭಾರಿ ಏನೋ ಎಂದುಕೊಳ್ಳಬೇಡಿ. ಕನ್ನಡಕದ ಅಂಗಡಿಯ ಮೇಲಿನ ಮಹಡಿಯಲ್ಲಿ ಕಿಟಕಿ ಪಕ್ಕದ ಒಂದು ಮೇಜು, ಒಂದು ಕಂಪ್ಯೂಟರು ಮತ್ತು ನಾನು. ಮನೆಯಲ್ಲಿ ಮಾವ ಎಂದು ಕರೆಯುವವರನ್ನು ಕಚೇರಿಯಲ್ಲಿ ಸಾರ್ ಎನ್ನಲು ನಾಲಿಗೆ ಹೊರಳದೆ ಅಲ್ಲೂ ಮಾವ ಎಂದೆ. ಕೇಳಿದವರೆಲ್ಲ ಹಾಗೇ ಕರೆಯತೊಡಗಿ, ಈಗ ಸಂಪಾದಕರಿಂದ ಹಿಡಿದು ಪೇಪರಿನ ಕಟ್ಟು ಹೊರುವವರವರೆಗೆ ಎಲ್ಲರಿಗೂ ಅವರು ಮಾವನೇ. ಅತ್ತೆಯವರಿಗೆ ಇದರಿಂದ ಕಿರಿಕಿರಿ. ಇಷ್ಟೊಂದು ಜನ ಅಳಿಯಂದಿರು ಒಟ್ಟಿಗೆ ಮನೆಗೆ ಬಂದರೆ ಎಲ್ಲಿ ಕೂರಿಸಲಿ ಎನ್ನುತ್ತಾರೆ.

ಬೆನ್ನ ಹಿಂದೆ ಅವರಿಗೆ ಇನ್ನೊಂದು ಹೆಸರಿತ್ತು: ಭರವಸೆ. ಸಭೆ, ಸಮಾರಂಭ, ಉದ್ಘಾಟನೆಗಳೆಲ್ಲ ಅವರ ಪಾಲಿನವು. ಅವರ ಪ್ರತಿ ವರದಿಯೂ ಒಂದು ಭರವಸೆಯಿಂದಲೇ ಮುಗಿಯಬೇಕು. ಶಾಲೆಯಾದರೆ ಕಾಂಪೌಂಡು, ಪಾರ್ಕಾದರೆ ಬೆಂಚು, ರಸ್ತೆಯಾದರೆ ದೀಪ, "ಮುಂದಿನ ದಿನಗಳಲ್ಲಿ ಒದಗಿಸಲಾಗುವುದು ಎಂದು ಭರವಸೆ ನೀಡಿದರು." ಆಮೇಲೆ ಒಂದು ಸಾಲು, ಯಾರ‍್ಯಾರು ಉಪಸ್ಥಿತರಿದ್ದರು ಎಂದು. ಅಲ್ಲಿಗೆ ವರದಿ ಸಂಪೂರ್ಣ. ಭರವಸೆಯಿಲ್ಲದ ವರದಿ ಅವರ ಕಣ್ಣಿಗೆ ಗುಂಡಿಯಿಲ್ಲದ ಅಂಗಿ.

ಇಲ್ಲಿ ನಮ್ಮ ಕಸುಬಿನ ಒಂದು ಪದ್ಧತಿಯನ್ನು ಹೇಳಬೇಕು. ಹೊರಗಿನವರಿಗೆ ಮೋಸ ಎನಿಸಬಹುದು, ಆದರೆ ಹಾಗಲ್ಲ. ನಮ್ಮ ಪತ್ರಿಕೆ ಅಚ್ಚಾಗುವುದು ಬೇರೆ ಊರಿನಲ್ಲಿ. ಪುಟಗಳನ್ನು ಬೆಳಕಿರುವಾಗಲೇ ಮುಗಿಸಿ ಕಳಿಸಬೇಕು. ಸಂಜೆಯ ಸಮಾರಂಭ ಮುಗಿಯುವವರೆಗೆ ಕಾದರೆ ಜಾಗವೇ ಇರುವುದಿಲ್ಲ. ಅದಕ್ಕಾಗಿ ಮಾವನವರು ಮಧ್ಯಾಹ್ನವೇ ಆಹ್ವಾನ ಪತ್ರಿಕೆ ಮುಂದಿಟ್ಟುಕೊಂಡು, ಅತಿಥಿಗಳ ಕಡೆಯವರಿಗೆ ಫೋನ್ ಮಾಡಿ ಏನು ಮಾತಾಡುತ್ತಾರೆಂದು ವಿಚಾರಿಸಿ, ನಡೆದೇಹೋಯಿತು ಎಂಬಂತೆ ಬರೆದು ಕೊಡುತ್ತಿದ್ದರು. ಬರೆದ ಮೇಲೆ ಮನೆಗೆ ಹೋಗುತ್ತಿರಲಿಲ್ಲ. ಸಮಾರಂಭಕ್ಕೆ ಹೋಗಿ, ತಾವು ಬರೆದದ್ದೆಲ್ಲ ಸರಿಯಾಗಿ ನಡೆಯುತ್ತಿದೆಯೇ ಎಂದು ಮೊದಲ ಸಾಲಿನಲ್ಲಿ ಕೂತು ನೋಡುತ್ತಿದ್ದರು. ಅತಿಥಿ ಬಾರದಿದ್ದರೆ, ಬಂದು ಬೇರೇನಾದರೂ ಹೇಳಿದರೆ, ಅಚ್ಚಿನ ಮನೆಗೆ ಫೋನ್ ಮಾಡಿ ಆ ಸಾಲು ಬದಲಾಯಿಸುತ್ತಿದ್ದರು. ಪುಟ ಮುಗಿಯುವುದಕ್ಕೂ ಓದುಗ ಪೇಪರ್ ಬಿಡಿಸುವುದಕ್ಕೂ ನಡುವೆ ಒಂದು ರಾತ್ರಿ ಇರುತ್ತಿತ್ತಲ್ಲ, ಮಾವನವರ ಇಡೀ ವೃತ್ತಿ ನಿಂತಿದ್ದು ಆ ರಾತ್ರಿಯ ಮೇಲೆ.

ಸಮಸ್ಯೆ ಶುರುವಾದದ್ದು ಆ ರಾತ್ರಿಯೇ ಇಲ್ಲವಾದಾಗ. ಊರಿನಲ್ಲಿ ಒಬ್ಬ ಹುಡುಗಿ ಫೋನ್ ಹಿಡಿದು ಸ್ಕೂಟರಿನಲ್ಲಿ ಓಡಾಡುತ್ತ ಸುದ್ದಿಯ ಪೇಜೊಂದನ್ನು ನಡೆಸತೊಡಗಿದ್ದಳು. ನಾವು ಬೆಳಿಗ್ಗೆ ಕೊಡುವುದನ್ನೆಲ್ಲ ಅವಳು ಹಿಂದಿನ ಸಂಜೆಯೇ ಕೊಟ್ಟಿರುತ್ತಿದ್ದಳು, ಅದೂ ವಿಡಿಯೊ ಸಮೇತ. ನಮ್ಮಲ್ಲೂ ಆ್ಯಪ್ ಬಂತು. ಒಂದು ದಿನ ಸಂಪಾದಕರು ಎಲ್ಲರನ್ನೂ ಕರೆದು, ಮುಂದಿನ ತಿಂಗಳಿಂದ ವರದಿಗಾರರು ತಮ್ಮ ಸುದ್ದಿಯನ್ನು ತಮ್ಮ ಫೋನಿನಿಂದಲೇ ಸ್ವತಃ ಹಾಕಬೇಕು, ಆಗದವರು ಜಾಹೀರಾತು ವಿಭಾಗಕ್ಕೆ ಹೋಗಬಹುದು, ಅಲ್ಲಿ ಬಾಡಿಗೆ ಮನೆ, ಕಳೆದುಹೋದ ನಾಯಿ ಇಂಥವನ್ನು ಬರೆದುಕೊಳ್ಳಲು ಜನ ಬೇಕಾಗಿದ್ದಾರೆ ಎಂದರು. ಹೇಳುವಾಗ ಅವರು ಮಾವನವರ ಕಡೆ ನೋಡಲಿಲ್ಲ. ಉಳಿದವರೆಲ್ಲ ನೋಡಿದರು.

ಆಮೇಲೆ ಮಾವನವರನ್ನು ತಮ್ಮ ಗಾಜಿನ ಕೋಣೆಗೆ ಕರೆದು, ರೈಲು ಹಳಿಯ ಮೇಲಿನ ಹೊಸ ಪಾದಚಾರಿ ಮೇಲ್ಸೇತುವೆಯ ಉದ್ಘಾಟನೆಯನ್ನು ನೀವೇ ಹಾಕಿ, ಸೊಸೆಯ ಕೈಯಲ್ಲಿ ಹಾಕಿಸಬೇಡಿ, ನೋಡೋಣ ಎಂದರಂತೆ. ಪರೀಕ್ಷೆ ಎಂಬ ಮಾತು ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ. ಅವತ್ತು ಇಬ್ಬರೂ ಒಟ್ಟಿಗೆ ನಡೆದು ಮನೆಗೆ ಬಂದೆವು. ಗೇಟಿನ ಹತ್ತಿರ ಮಾವನವರು, "ಕಳೆದುಹೋದ ನಾಯಿ" ಎಂದು ಒಂದು ಸಲ ತಮ್ಮಷ್ಟಕ್ಕೆ ಹೇಳಿಕೊಂಡು ಒಳಗೆ ಹೋದರು.

ಆ ಸಂಜೆಯಿಂದಲೇ ಊಟದ ಮೇಜಿನ ಮೇಲೆ ಪಾಠ ಶುರುವಾಯಿತು. ಮಾವನವರಿಗೆ ಕಲಿಸುವುದು ಸುಲಭವಲ್ಲ, ಏಕೆಂದರೆ ಅವರು ಕಲಿಯುತ್ತಿದ್ದೇನೆಂದು ಒಪ್ಪುವವರಲ್ಲ. "ಇಲ್ಲಿ ಒತ್ತಿದ್ರೆ ಏನಾಗುತ್ತೆ, ಹೇಳು ನೋಡೋಣ" ಎಂದು ಕೇಳುವರು, ನನ್ನನ್ನೇ ಪರೀಕ್ಷಿಸುವವರಂತೆ. ಫೋಟೊ ಸೇರುತ್ತೆ ಮಾವ ಎಂದರೆ, "ಹ್ಞಾಂ, ಸರಿ" ಎಂದು ಅಂಕ ಕೊಡುವರು. ತೋರುಬೆರಳನ್ನು ನೆಟ್ಟಗೆ ಮಾಡಿ, ಗೋಡೆಗೆ ಮೊಳೆ ಹೊಡೆಯುವ ಹಾಗೆ ಒತ್ತುವರು. ಅತ್ತೆಯವರು ಪಕ್ಕದಲ್ಲಿ ಕೂತು ತಮ್ಮ ಫೋನಿನಲ್ಲಿ ಹೆಬ್ಬೆರಳುಗಳೆರಡನ್ನೂ ಓಡಿಸುತ್ತ, ಅಕ್ಕನಿಗೆ, ತಂಗಿಗೆ, ಹಾಲಿನವರಿಗೆ ಒಟ್ಟೊಟ್ಟಿಗೆ ಉತ್ತರ ಕೊಡುತ್ತ, ಆಗಾಗ ತಲೆಯೆತ್ತಿ ನೋಡುವರು.

"ಏನ್ರೀ, ಫೋನಿಗೆ ನೋವಾಗುತ್ತೆ, ನಿಧಾನ" ಎಂದರು ಒಮ್ಮೆ.

"ನೀನು ಸುಮ್ನಿರೇ. ನಾನು ಕೆಲಸ ಮಾಡ್ತಿದೀನಿ."

"ನಾನೇನು ಆಟ ಆಡ್ತಿದೀನಾ? ನಿಮ್ಮ ಆಫೀಸಿನ ಸುದ್ದಿ ನಿಮಗಿಂತ ಮುಂಚೆ ನನಗೆ ಗೊತ್ತಾಗುತ್ತೆ ಇದರಲ್ಲಿ."

ಅದು ನಿಜ. ಜಾಹೀರಾತು ವಿಭಾಗದ ವಿಷಯ ನಾವು ಮನೆ ತಲುಪುವ ಮೊದಲೇ ಅತ್ತೆಯವರನ್ನು ತಲುಪಿತ್ತು. ಗೊತ್ತಿದ್ದೂ ಅವರು ಅದರ ಬಗ್ಗೆ ಒಂದು ಮಾತನ್ನೂ ಆಡದೆ ಬರೀ ಬೆರಳಿನ ಬಗ್ಗೆ ತಮಾಷೆ ಮಾಡುತ್ತಿದ್ದಾರೆಂದು ನನಗೆ ತಿಳಿದದ್ದು ಆಮೇಲೆ.

ಬಾಯಲ್ಲಿ ಹೇಳಿದ್ದನ್ನು ಫೋನೇ ಬರೆದುಕೊಳ್ಳುತ್ತದೆ ಎಂದು ತೋರಿಸಿದ ದಿನ ಮಾವನವರ ಮುಖ ಅರಳಿತು. ಹಿಂದೆ ಅವರು ಟೆಲಿಫೋನಿನಲ್ಲಿ ಸುದ್ದಿ ಹೇಳಿ ಬರೆಸಿದವರು. ಆ ಕಡೆಯವರಿಗೆ ಕೇಳಿಸಲೆಂದು ಕಿರುಚಿ ಕಿರುಚಿ ಹೇಳುತ್ತಿದ್ದುದರಿಂದ ನಾಳೆಯ ಸುದ್ದಿ ಇವತ್ತೇ ಬೀದಿಗೆಲ್ಲ ಗೊತ್ತಾಗುತ್ತಿತ್ತಂತೆ. ಆ ಗಂಟಲು ಇನ್ನೂ ಹಾಗೇ ಇತ್ತು. ಫೋನನ್ನು ತೋಳಿನುದ್ದ ದೂರ ಹಿಡಿದು ಅವರು ವರದಿ ಹೇಳತೊಡಗಿದರೆ ಎದುರುಮನೆಯ ಕಿಟಕಿ ತೆರೆದುಕೊಳ್ಳುತ್ತಿತ್ತು. ಎರಡು ಪ್ಯಾರಾಗಳ ನಡುವೆ ಅತ್ತೆಯವರನ್ನು ನೀರು ಕೇಳಿದರೆ ಅದೂ ವರದಿಯಲ್ಲಿ ಸೇರಿಬಿಡುತ್ತಿತ್ತು. ಅದನ್ನು ತೆಗೆಯುವುದನ್ನೂ ಕಲಿತರು.

ಕೊನೆಗೆ ನಾನು ತೋರಿಸಿದ್ದು ಶೆಡ್ಯೂಲ್ ಮಾಡುವುದನ್ನು. ಸುದ್ದಿಯನ್ನು ಈಗಲೇ ಬರೆದಿಟ್ಟು, ಇಂಥ ಹೊತ್ತಿಗೆ ಹೋಗು ಎಂದರೆ ಅದು ತಾನಾಗಿ ಹೋಗುತ್ತದೆ. ಅದನ್ನು ಏಕೆ ತೋರಿಸಿದೆ ಎಂದು ಈಗ ಕೇಳಿಕೊಳ್ಳುತ್ತೇನೆ. ಪಾಠ ಪೂರ್ತಿಯಾಗಲಿ ಎಂದು, ಅಷ್ಟೇ. ಮಾವನವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಆ ಜಾಗವನ್ನೇ ನೋಡಿದರು.

"ಅಂದ್ರೆ, ಮಧ್ಯಾಹ್ನ ಬರೆದು ಸಂಜೆಗೆ ಇಡಬಹುದು."

"ಹೂಂ ಮಾವ."

"ಇದನ್ನ ಯಾರು ಕಂಡುಹಿಡಿದ್ರೋ, ಅವನು ಖಂಡಿತ ಸಭೆ ಸಮಾರಂಭ ವರದಿ ಮಾಡ್ದವನೇ ಇರ್ಬೇಕು" ಎಂದರು.

ನಾನು ನಕ್ಕೆ. ನಗುವ ಬದಲು ಯೋಚಿಸಬೇಕಿತ್ತು.

ಉದ್ಘಾಟನೆಯ ದಿನ ಬಂತು. ಹಳಿಯ ಈ ಕಡೆ ಮಾರುಕಟ್ಟೆ, ಆ ಕಡೆ ಆಸ್ಪತ್ರೆ ಮತ್ತು ಶಾಲೆ. ಗೇಟು ಬಿದ್ದರೆ ಜನ ಬಿಸಿಲಲ್ಲಿ ಕಾಯಬೇಕಿತ್ತು. ಅವಸರದವರು ಹಳಿ ದಾಟುತ್ತಿದ್ದರು. ಈಗ ಕಬ್ಬಿಣದ ಮೇಲ್ಸೇತುವೆ, ಹೊಸ ಬಣ್ಣದ ವಾಸನೆ, ಎರಡೂ ಕಡೆ ಮೆಟ್ಟಿಲು. ಮೆಟ್ಟಿಲು ಬಹಳ ಕಡಿದಾಗಿತ್ತು, ಅದನ್ನು ಯಾರು ನೋಡಿದರೂ ಹೇಳುತ್ತಿದ್ದರು. ನಗರಸಭೆಯ ಅಧ್ಯಕ್ಷೆ ಟೇಪು ಕತ್ತರಿಸಬೇಕಿತ್ತು. ನನ್ನನ್ನು ಸಂಪಾದಕರು ವಿಡಿಯೊ ತೆಗೆಯಲು ಕಳಿಸಿದ್ದರು. ಪ್ಲಾಸ್ಟಿಕ್ ಕುರ್ಚಿಗಳೆಲ್ಲ ತುಂಬಿ ಜನ ಮೆಟ್ಟಿಲ ಬುಡದಲ್ಲೂ ನಿಂತಿದ್ದರು.

ಮಾವನವರು ಮೊದಲ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ, ಜಗತ್ತಿನ ಚಿಂತೆಯಿಲ್ಲದೆ ಕೂತಿದ್ದರು. ವರದಿ ಆಗಲೇ ಮುಗಿಸಿದ್ದರೆಂದು ಅವರ ಕೂತ ರೀತಿಯಲ್ಲೇ ಗೊತ್ತಾಗುತ್ತಿತ್ತು. ನಾನು ಹತ್ತಿರ ಹೋಗಿ ವಿಚಾರಿಸಿದೆ. ಯಾರ ಸಹಾಯವೂ ಇಲ್ಲದೆ ಹಾಕಿದ್ದೇನೆ, ಸೇತುವೆಯ ಫೋಟೊವನ್ನೂ ಸೇರಿಸಿದ್ದೇನೆ, ಸಮಾರಂಭ ಮುಗಿದು ಜನ ಮನೆಗೆ ಹೊರಡುವ ಹೊತ್ತಿಗೆ ಹೋಗುವಂತೆ ಇಟ್ಟಿದ್ದೇನೆ ಎಂದು ಪಿಸುಗುಟ್ಟಿದರು. ಕಣ್ಣುಗಳಲ್ಲಿ ಹೆಮ್ಮೆ ಹೊಳೆಯುತ್ತಿತ್ತು. ನನಗೂ ಖುಷಿಯಾಯಿತು. ಕಳೆದುಹೋದ ನಾಯಿಯ ಕಾಟ ತಪ್ಪಿತು ಎಂದುಕೊಂಡೆ.

ಅಧ್ಯಕ್ಷೆಯವರು ಬರಲಿಲ್ಲ. ಎಲ್ಲೋ ಸಭೆ ಎಳೆದಿದೆ, ಹೊರಟಿದ್ದಾರೆ, ಇನ್ನೇನು ಬಂದರು ಎಂದು ಮೈಕಿನಲ್ಲಿ ಹೇಳುತ್ತಲೇ ಇದ್ದರು. ಬಿಸಿಲು ಇಳಿಯಿತು. ಕುರ್ಚಿಗಳು ಕಿರುಗುಟ್ಟಿದವು. ನನಗೆ ಆ ಶೆಡ್ಯೂಲಿನ ನೆನಪೇ ಬರಲಿಲ್ಲ, ಮಾವನವರಿಗೂ ಇಲ್ಲ. ಅವರ ಲೆಕ್ಕದಲ್ಲಿ ಬರೆದಿಟ್ಟ ವರದಿ ಎಂದರೆ ಬೆಳಿಗ್ಗೆ ಓದುವಂಥದ್ದು, ಇನ್ನೂ ಬೇಕಾದಷ್ಟು ಹೊತ್ತಿದೆ.

ಆಗ ಎಲ್ಲರ ಫೋನೂ ಟಿಣ್ ಎಂದಿತು.

ನಮ್ಮ ಆ್ಯಪ್ ಇಷ್ಟು ಜನರ ಫೋನಿನಲ್ಲಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಬೇರೆ ದಿನವಾಗಿದ್ದರೆ ಸಂತೋಷಪಡುತ್ತಿದ್ದೆ. ಕುರ್ಚಿಯಿಂದ ಕುರ್ಚಿಗೆ ತಲೆಗಳು ಬಾಗಿದವು. "ಮೇಲ್ಸೇತುವೆ ಲೋಕಾರ್ಪಣೆ: ಅಧ್ಯಕ್ಷೆಯಿಂದ ಮಹತ್ವದ ಭರವಸೆ." ಒಬ್ಬರು ಜೋರಾಗಿ ಓದಿದರು, ಇನ್ನೊಬ್ಬರು ನಕ್ಕರು. ನಾವು ಕೂತಲ್ಲೇ ನಿದ್ದೆ ಮಾಡಿಬಿಟ್ಟೆವಾ, ಯಾವಾಗ ಮುಗಿಯಿತು ಎಂದು ಯಾರೋ ಕೇಳಿದರು. ಉದ್ಘಾಟನೆ ಆಗಿದೆ ಎಂದು ಪೇಪರಿನವರೇ ಹೇಳಿದ ಮೇಲೆ ಇನ್ನೇನು ಎಂದು ಒಬ್ಬಾತ ಟೇಪಿನ ಕೆಳಗೆ ನುಸುಳಿ ಮೆಟ್ಟಿಲು ಹತ್ತಲು ಹೋದ. ಪೊಲೀಸಿನವರು ಹಿಡಿದು ಇಳಿಸಿದರು, ಅವರೂ ನಗುತ್ತಿದ್ದರು.

ಮಾರುಕಟ್ಟೆಯಲ್ಲಿ ಬಟ್ಟೆ ಹೊಲಿಯುವ ಹೆಂಗಸೊಬ್ಬರು ಎರಡನೆಯ ಸಾಲಿನಲ್ಲಿದ್ದರು. ಮಂಡಿನೋವಿನವರು, ಕೋಲು ಹಿಡಿದೇ ಓಡಾಡುವವರು. ಅವರು ಫೋನನ್ನು ಕಣ್ಣಿನ ಹತ್ತಿರ ತಂದು ಕೊನೆಯ ಪ್ಯಾರಾ ಓದಿದರು. "ವೃದ್ಧರು ಮತ್ತು ಅಂಗವಿಕಲರ ಅನುಕೂಲಕ್ಕಾಗಿ ಸೇತುವೆಯ ಎರಡೂ ಬದಿ ಇಳಿಜಾರು ದಾರಿ ನಿರ್ಮಿಸಲಾಗುವುದು ಎಂದು ಭರವಸೆ ನೀಡಿದರು." ಓದಿ ಮುಗಿಸಿ ಕೋಲನ್ನು ನೆಲಕ್ಕೆ ಕುಟ್ಟಿದರು. "ಇದು ಮಾತು" ಎಂದರು. ಸುತ್ತ ಇದ್ದವರೆಲ್ಲ ಚಪ್ಪಾಳೆ ತಟ್ಟಿದರು. ಇನ್ನೂ ಬಾರದ ಅಧ್ಯಕ್ಷೆಗೆ, ಇನ್ನೂ ಆಡದ ಮಾತಿಗೆ ಬಿದ್ದ ಚಪ್ಪಾಳೆ ಅದು.

ಸಂಪಾದಕರ ಫೋನ್ ಬಂತು. ಅವರು ಕೂಗಲಿಲ್ಲ, ಅದೇ ಹೆಚ್ಚು ಭಯ. ಆ ಸ್ಕೂಟರಿನ ಹುಡುಗಿಯ ಪೇಜಿನಲ್ಲಿ ಖಾಲಿ ವೇದಿಕೆ ಲೈವ್ ಬರುತ್ತಿದೆ, ನಮ್ಮಲ್ಲಿ ಭಾಷಣ ಮುಗಿದಿದೆ, ತಕ್ಷಣ ಅಳಿಸಿ, ಯಾರಾದರೂ ಕೇಳಿದರೆ ಆ್ಯಪಿನ ದೋಷ ಎನ್ನಿ, ಉಳಿದದ್ದು ನಾಳೆ ಮಾತಾಡೋಣ ಎಂದರು. ಉಳಿದದ್ದು ಎಂದರೆ ಏನೆಂದು ನನಗೆ ಅರ್ಥವಾಯಿತು.

ಅಳಿಸಲು ನನಗೆ ಅಧಿಕಾರವಿತ್ತು. ಪರದೆಯ ಮೇಲೆ ಡಿಲೀಟ್ ಮಾಡಲೇ ಎಂದು ಆ್ಯಪ್ ಕೇಳುತ್ತಿತ್ತು, ನನ್ನ ಹೆಬ್ಬೆರಳು ಮೇಲೆಯೇ ನಿಂತಿತ್ತು. ಆದರೆ ವರದಿ ಮಾವನವರದು. ಅವರಿಗೆ ಹೇಳದೆ ಒತ್ತಲು ಮನಸ್ಸು ಬರಲಿಲ್ಲ. ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ಹೋದೆ. ಅವರು ತಮ್ಮ ಫೋನನ್ನೇ ನೋಡುತ್ತಿದ್ದರು. ಕಾಲ ಮೇಲಿನ ಕಾಲು ಕೆಳಗಿಳಿದಿತ್ತು.

"ಮಾವ, ಅಳಿಸಿಬಿಡ್ತೀನಿ. ಸಂಪಾದಕರು ಹೇಳಿದಾರೆ. ಆ್ಯಪಿನ ತಪ್ಪು ಅಂದ್ಬಿಟ್ರೆ ನಿಮ್ಮ ಹೆಸರು ಬರಲ್ಲ."

ಅವರು ತಲೆಯೆತ್ತಿ ಸುತ್ತ ಕೂತವರನ್ನು ನೋಡಿದರು.

"ಇವರೆಲ್ಲ ಓದಿದಾರಲ್ಲಮ್ಮ."

"ಓದಿದಾರೆ. ಆದ್ರೆ ಅಳಿಸಿದ್ರೆ ಇರಲ್ಲ."

"ಓದಿದ್ದು ಎಲ್ಲಿ ಹೋಗುತ್ತೆ? ಇಷ್ಟು ವರ್ಷ ತಪ್ಪಾದಾಗೆಲ್ಲ ತಪ್ಪಾಯ್ತು ಅಂತ ಅಚ್ಚು ಹಾಕಿದೀನಿ. ಮನೆಮನೆಗೆ ಹೋಗಿ ಪೇಪರ್ ಕಿತ್ಕೊಂಡು ಬಂದಿಲ್ಲ." ಕನ್ನಡಕ ಸರಿಮಾಡಿಕೊಂಡರು. "ತಿದ್ದುಪಡಿ ಹಾಕೋದು ಹೇಗೆ, ತೋರ್ಸು."

ಅವರು ಹೀಗೆ ನೇರವಾಗಿ ನನ್ನನ್ನು ಕೇಳಿದ್ದು ಅದೇ ಮೊದಲು. ತಿದ್ದುಪಡಿ ಹಾಕಿದರೆ ತಪ್ಪು ನಿಮ್ಮದೇ ಎಂದು ನೀವೇ ಬರೆದುಕೊಟ್ಟ ಹಾಗಾಗುತ್ತದೆ, ಆಮೇಲೆ ಜಾಹೀರಾತು ವಿಭಾಗ ತಪ್ಪುವುದಿಲ್ಲ ಎಂದೆ. ಗೊತ್ತು ಎನ್ನುವಂತೆ ತಲೆಯಾಡಿಸಿದರು. ನಾನು ತೋರಿಸಿದೆ. ಸಂಪಾದಕರ ಮಾತು ಮೀರಿದ್ದು ನಾನೂ ಹೌದು; ಅದು ಸರಿಯೋ ತಪ್ಪೋ ಎಂದು ಆಮೇಲೆ ಬಹಳ ಯೋಚಿಸಿದೆ, ಆಗ ಯೋಚಿಸಲು ಹೊತ್ತಿರಲಿಲ್ಲ.

ಮಾವನವರು ಎದ್ದು ನಿಂತು, ಫೋನನ್ನು ತೋಳಿನುದ್ದ ದೂರ ಹಿಡಿದು, ತಮ್ಮ ಟೆಲಿಫೋನಿನ ಗಂಟಲಿನಲ್ಲಿ ಹೇಳತೊಡಗಿದರು. ಮೈಕಿನವರು ಮೈಕು ನಿಲ್ಲಿಸಿದರು. ಇಡೀ ಸಭೆ ತಿರುಗಿ ನೋಡಿತು.

"ತಿದ್ದುಪಡಿ. ಮೇಲ್ಸೇತುವೆ ಉದ್ಘಾಟನೆಯಾಯಿತು ಎಂಬ ನಮ್ಮ ವರದಿ ತಪ್ಪು. ಉದ್ಘಾಟನೆ ಇನ್ನೂ ಆಗಿಲ್ಲ. ಅಧ್ಯಕ್ಷರು ಇನ್ನೂ ಬಂದಿಲ್ಲ. ಇಳಿಜಾರು ದಾರಿಯ ಭರವಸೆಯನ್ನು ಅವರು ನೀಡಿಲ್ಲ. ವರದಿಯನ್ನು ಮುಂಚಿತವಾಗಿ ಬರೆದವನು ನಾನು. ಓದುಗರ ಕ್ಷಮೆ ಕೋರುತ್ತೇನೆ."

ಅವರು ತೋರುಬೆರಳಿನಿಂದ ಮೊಳೆ ಹೊಡೆದರು. ಮತ್ತೆ ಎಲ್ಲರ ಫೋನೂ ಟಿಣ್ ಎಂದಿತು. ಜನ ಈಗ ನಗಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ನಕ್ಕರು, ಆದರೆ ಬೇರೆ ಥರ. ಹೊಲಿಗೆಯವರು ಮಾತ್ರ ನಗಲಿಲ್ಲ. "ಹಾಗಾದ್ರೆ ಆ ದಾರಿ ಇಲ್ವಾ?" ಎಂದು ಕೇಳಿದರು. ಮಾವನವರು ಫೋನನ್ನು ಜೇಬಿಗಿಟ್ಟು ಆ ಕೋಲನ್ನೇ ನೋಡಿದರು. ತಾವು ಬರೆದ ಸಾವಿರ ಭರವಸೆಗಳಲ್ಲಿ ಒಂದಕ್ಕಾದರೂ ಯಾರೋ ನಿಜವಾಗಿ ಕಾಯುತ್ತಾರೆಂದು ಅವರಿಗೆ ಎದುರಿಗೇ ಕಂಡದ್ದು ಅವತ್ತೇ ಇರಬೇಕು. ಅವರ ಮುಖ ನೋಡಿದರೆ ಹಾಗನ್ನಿಸಿತು.

ಅಷ್ಟರಲ್ಲಿ ಕಾರು ಬಂತು. ಬಾಗಿಲು ಬೇಗ ತೆರೆಯಲಿಲ್ಲ. ಗಾಜಿನ ಒಳಗೆ ಅಧ್ಯಕ್ಷೆಯವರು ಏನನ್ನೋ ಓದುತ್ತಿರುವುದು, ಪಕ್ಕದಲ್ಲಿ ಅವರ ಆಪ್ತ ಸಹಾಯಕರು ಬೆರಳು ತೋರಿಸಿ ವಿವರಿಸುತ್ತಿರುವುದು ಕಾಣುತ್ತಿತ್ತು. ಮೊದಲ ಟಿಣ್ ಓದಿದರೋ, ಎರಡನೆಯದನ್ನೂ ಓದಿದರೋ ನಾನು ನಿಂತ ಕಡೆಯಿಂದ ಗೊತ್ತಾಗಲಿಲ್ಲ. ಇಳಿದು ಬಂದು ಟೇಪು ಕತ್ತರಿಸಿದರು, ವೇದಿಕೆ ಹತ್ತಿದರು, ಮೈಕು ಹಿಡಿದರು.

"ತಡವಾಯ್ತು, ಕ್ಷಮಿಸಿ. ಆದ್ರೆ ನನ್ನ ಭಾಷಣ ನನಗಿಂತ ಮುಂಚೆ ಬಂದಿದೆ ಅಂತ ಕೇಳ್ದೆ. ಎಲ್ರೂ ಓದಿದೀರಲ್ವಾ? ಹಾಗಿದ್ರೆ ಬೇಗ ಮುಗಿಸ್ತೀನಿ."

ಜನ ಬಿದ್ದು ಬಿದ್ದು ನಕ್ಕರು. ಮಾವನವರು ನೆಲ ನೋಡುತ್ತಿದ್ದರು. ಅಧ್ಯಕ್ಷೆಯವರು ಸೇತುವೆ ಕಟ್ಟಿದವರಿಗೆ ಧನ್ಯವಾದ ಹೇಳಿದರು, ಹಳಿ ದಾಟಬೇಡಿ ಎಂದರು. ಆಮೇಲೆ ಸ್ವಲ್ಪ ನಿಂತರು. ಆ ನಿಲುಗಡೆ ನನ್ನ ವಿಡಿಯೊದಲ್ಲಿದೆ, ಎಷ್ಟೋ ಸಲ ನೋಡಿದ್ದೇನೆ. ಮೆಟ್ಟಿಲ ಕಡೆ ತಿರುಗಿ ನೋಡುತ್ತಾರೆ, ಮತ್ತೆ ಈ ಕಡೆ ತಿರುಗುತ್ತಾರೆ.

"ಈ ಮೆಟ್ಟಿಲು ಎಲ್ರಿಗೂ ಹತ್ತೋಕಾಗಲ್ಲ. ಎರಡೂ ಕಡೆ ರ‍್ಯಾಂಪ್ ಮಾಡಿಸ್ತೀವಿ. ಇದನ್ನ ನಾನು ಈಗ ಹೇಳ್ತಿದೀನಿ, ಬರ್ಕೊಳ್ಳಿ" ಎಂದರು. ಕೊನೆಯ ಮಾತನ್ನು ಮೊದಲ ಸಾಲಿನ ಕಡೆ ನೋಡಿಯೇ ಹೇಳಿದರು.

ಹೊಲಿಗೆಯವರು ಕೋಲು ಕುಟ್ಟಿದರು. ಮಾವನವರು ಮತ್ತೆ ಎದ್ದು ನಿಂತು ಫೋನನ್ನು ದೂರ ಹಿಡಿದಾಗ, ಈ ಸಲ ಏನು ಬರುತ್ತದೆಂದು ಎಲ್ಲರಿಗೂ ಗೊತ್ತಿತ್ತು. ತಿದ್ದುಪಡಿಗೆ ತಿದ್ದುಪಡಿ. "ಭರವಸೆ ಈಗ ನೀಡಲಾಗಿದೆ, ನಾನು ಕಿವಿಯಾರೆ ಕೇಳಿದ್ದೇನೆ" ಎಂದರು. ಈ ಸಲ ಅಧ್ಯಕ್ಷೆಯವರ ಫೋನೂ ಟಿಣ್ ಎಂದಿತು.

ಮರುದಿನ ಸಂಪಾದಕರು ನಮ್ಮಿಬ್ಬರನ್ನೂ ಗಾಜಿನ ಕೋಣೆಗೆ ಕರೆದರು. ಆ ಕೋಣೆಯ ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ, ಹಾಗಾಗಿ ಹೊರಗಿದ್ದವರೆಲ್ಲ ಏನೋ ಹುಡುಕುವವರಂತೆ ಹತ್ತಿರ ಸುಳಿದಾಡುತ್ತಿದ್ದರು. ಅಳಿಸಿ ಎಂದದ್ದನ್ನು ಅಳಿಸದೆ ಬಿಟ್ಟದ್ದಕ್ಕೆ ಮೊದಲು ನನಗೆ ಬೈಗುಳ ಬಿತ್ತು. ನ್ಯಾಯವಾಗಿಯೇ ಬಿತ್ತು. ಆಮೇಲೆ ಮಾವನವರನ್ನು ಕೇಳಿದರು, ಆ ಇಳಿಜಾರಿನ ಮಾತು ನಿಮಗೆ ಯಾರು ಹೇಳಿದರು ಎಂದು. ಆಪ್ತ ಸಹಾಯಕರಿಗೆ ಫೋನ್ ಮಾಡಿದ್ದೆ, ಎಂದಿನ ಹಾಗೆ ಬರೆಯಿರಿ ಎಂದರು, ನಾನು ಎಂದಿನ ಹಾಗೆ ಬರೆದೆ ಎಂದರು ಮಾವನವರು. ಒಂದಕ್ಷರವನ್ನೂ ಮುಚ್ಚಿಡಲಿಲ್ಲ. ಆಮೇಲೆ ತಾವಾಗಿಯೇ, ಒಂದನೇ ತಾರೀಖಿನಿಂದ ಜಾಹೀರಾತು ವಿಭಾಗಕ್ಕೆ ಹೋಗುತ್ತೇನೆ ಎಂದರು.

ಸಂಪಾದಕರು ತಮ್ಮ ಫೋನನ್ನು ನಮ್ಮ ಕಡೆ ತಿರುಗಿಸಿದರು. ಸ್ಕೂಟರಿನ ಹುಡುಗಿಯ ಪೇಜು. ಮಾವನವರು ನಿಂತು ತಿದ್ದುಪಡಿ ಹೇಳುತ್ತಿರುವ ವಿಡಿಯೊ, ಮೇಲೆ ಅವಳದೇ ಸಾಲು: ಇವರನ್ನು ನಾನು ನಂಬುತ್ತೇನೆ. ಕೆಳಗೆ ಜನರ ಮಾತುಗಳ ಮಳೆ. ಕೆಲವರು ಕಿಚಾಯಿಸಿದ್ದರು, ಕೆಲವರು ಮಾವ ಎಂದೇ ಕರೆದಿದ್ದರು. ಅತ್ತೆಯವರು ಅಲ್ಲಿಗೂ ಹೋಗಿ, ಅಂಗಿ ಇಸ್ತ್ರಿ ಮಾಡಿದ್ದು ನಾನು ಎಂದು ಬರೆದಿದ್ದರು.

"ಮಾವ, ನೀವು ಇನ್ನು ಶೆಡ್ಯೂಲ್ ಮುಟ್ಬೇಡಿ" ಎಂದರು ಸಂಪಾದಕರು.

"ಮುಟ್ಟಲ್ಲ."

"ಮುಂಚೆ ಬರೆಯೋದೂ ಬೇಡ. ಎದುರಿಗೆ ಆಗೋದನ್ನ ಅಲ್ಲೇ ನಿಂತು ಹೇಳಿ. ಆ ಗಂಟಲು ಸುಮ್ನೆ ಯಾಕೆ ಹಾಳಾಗ್ಬೇಕು? ಲೈವ್ ನೀವು ಮಾಡಿ."

ಮಾವನವರು "ಏನೂ ಆಗ್ದಿದ್ರೆ?" ಎಂದು ಕೇಳಿದರು. ಏನೂ ಆಗುತ್ತಿಲ್ಲ ಎಂದು ಹೇಳಿ ಎಂದರು ಸಂಪಾದಕರು. ಹೊರಗೆ ಸುಳಿದಾಡುತ್ತಿದ್ದವರಲ್ಲಿ ಯಾರೋ ನಕ್ಕದ್ದು ಕೇಳಿಸಿತು.

ಅದನ್ನು ಮಾವನವರು ಅಕ್ಷರಶಃ ತೆಗೆದುಕೊಂಡರು. ಅವರ ಮೊದಲ ಲೈವ್ ಒಂದು ಗ್ರಂಥಾಲಯದ ಉದ್ಘಾಟನೆ. ನಾನು ಕಚೇರಿಯಲ್ಲಿ ಉಗುರು ಕಚ್ಚುತ್ತ ನೋಡುತ್ತಿದ್ದೆ. ಖಾಲಿ ವೇದಿಕೆಯ ಎದುರು ನಿಂತು ಅವರು ಹೇಳಿದರು: ಈಗ ಇಲ್ಲಿ ಏನೂ ನಡೆಯುತ್ತಿಲ್ಲ. ಸಚಿವರು ಬಂದಿಲ್ಲ. ಬರುತ್ತಾರೆ ಎನ್ನುತ್ತಾರೆ, ನಾನು ನೋಡಿಲ್ಲ. ಒಂದು ಬೆಕ್ಕು ವೇದಿಕೆ ಹತ್ತಿದೆ. ಬೆಕ್ಕು ಇಳಿದಿದೆ. ಹೀಗೇ ನಡೆಯಿತು. ಜನ ಬಿಟ್ಟು ಹೋಗುತ್ತಾರೆಂದು ನಾನು ಹೆದರಿದ್ದೆ. ನೋಡುವವರ ಸಂಖ್ಯೆ ಏರುತ್ತಲೇ ಹೋಯಿತು. ಕೊನೆಗೆ ಸಚಿವರು ಬಂದು ಏನೇನೋ ಮಾಡಿಸುತ್ತೇವೆ ಎಂದಾಗ ಮಾವನವರು ಫೋನನ್ನು ಅವರ ಮುಖದ ಹತ್ತಿರ ಹಿಡಿದು, ಯಾವಾಗ ಎಂದು ಕೇಳಿದರು. ಇಷ್ಟು ವರ್ಷಗಳಲ್ಲಿ ಅವರು ಆ ಪ್ರಶ್ನೆ ಕೇಳಿದ್ದು ಅದೇ ಮೊದಲು ಎಂದು ಅತ್ತೆಯವರು ಹೇಳುತ್ತಾರೆ. ಸಚಿವರಿಗೂ ಅಭ್ಯಾಸವಿರಲಿಲ್ಲ, ತಡವರಿಸಿದರು.

ಮೇಲ್ಸೇತುವೆಗೆ ಇಳಿಜಾರು ದಾರಿ ಆಯಿತು. ಈ ಕಡೆಯದು ಪೂರ್ತಿಯಾಗಿದೆ, ಆ ಕಡೆಯದರ ಕೆಲಸ ನಡೆಯುತ್ತಿದೆ. ಹೊಲಿಗೆಯವರು ಹತ್ತಿ ಹೋಗುತ್ತಾರೆ, ಇಳಿಯುವಾಗ ಯಾರದಾದರೂ ಕೈ ಹಿಡಿಯುತ್ತಾರೆ. ಮಾವನವರು ಆ ಕಾಮಗಾರಿಯ ಲೈವ್ ಮಾಡಲು ಹೋಗಿ, ಇವತ್ತು ಸಿಮೆಂಟ್ ಬಂದಿಲ್ಲ ಎಂದು ಊರಿಗೆಲ್ಲ ಹೇಳಿ ಬರುತ್ತಾರೆ. ಮರುದಿನ ಸಿಮೆಂಟ್ ಬಂದಿರುತ್ತದೆ.

ಆದರೆ ಒಂದು ವಿಷಯ ನನ್ನನ್ನು ಬಿಟ್ಟಿಲ್ಲ. ಆ ದಾರಿ ಅಧ್ಯಕ್ಷೆಯವರ ಯೋಚನೆಯಾಗಿದ್ದರೆ ನಮ್ಮ ಮೊದಲ ವರದಿ ಬರೀ ಅವಸರದ್ದು. ಅಲ್ಲದಿದ್ದರೆ ಒಂದು ಸುಳ್ಳೇ ನಡೆದು ಹೋಗಿ ನಿಜವಾದ ಹಾಗಾಯಿತು. ಎರಡಕ್ಕೂ ಬಹಳ ವ್ಯತ್ಯಾಸವಿದೆ ಎಂದು ನನಗನ್ನಿಸುತ್ತದೆ. ಆಪ್ತ ಸಹಾಯಕರನ್ನು ಕೇಳಿದೆ. ಮೇಡಂ ಮನಸ್ಸಿನಲ್ಲಿ ಯಾವತ್ತಿನಿಂದಲೋ ಇತ್ತು ಎಂದರು. ಅವರು ಅದನ್ನಲ್ಲದೆ ಬೇರೇನು ಹೇಳಿಯಾರು? ಧೈರ್ಯ ಮಾಡಿ ಅಧ್ಯಕ್ಷೆಯವರನ್ನೇ ಕೇಳಿದೆ, ನಕ್ಕು ಮುಂದೆ ಹೋದರು. ಮಾವನವರನ್ನು ಕೇಳಿದರೆ, ಬರೆಯುವಾಗ ಆ ಮೆಟ್ಟಿಲು ಕಣ್ಣ ಮುಂದೆ ಬಂತು, ಅಷ್ಟೇ ನೆನಪು ಎನ್ನುತ್ತಾರೆ. ವಿಡಿಯೊದಲ್ಲಿ ಆ ನಿಲುಗಡೆಯನ್ನು ಇನ್ನೊಮ್ಮೆ ನೋಡಿದೆ. ಮೆಟ್ಟಿಲು ನೋಡಿ ನಿರ್ಧಾರ ಮಾಡಿದರೋ, ಕಾರಿನಲ್ಲಿ ಓದಿದ್ದನ್ನು ನೆನಪಿಸಿಕೊಂಡರೋ, ಮೊದಲೇ ಮನಸ್ಸು ಮಾಡಿ ಬಂದಿದ್ದರೋ, ನನಗೆ ಗೊತ್ತಿಲ್ಲ.